ಹನ್ನೆರಡು ಮಂದಿ, ಒಬ್ಬ ಸಾಕ್ಷಿ

ಮೆಲ್ಬರ್ನ್
3 ಫೆಬ್ರವರಿ 2025

ಅಪ್ಪಾ,

ನಿನ್ನೆ ಫೋನಿನಲ್ಲಿ ನಾನು ಹೇಳಿದ್ದರಲ್ಲಿ ನಿಮಗೆ ಅರ್ಧವೂ ಕೇಳಿಸಲಿಲ್ಲ. "ಯಾರ್ನ ಹಿಡದಾರ? ಸುದೀಪನ್ನ ಹಿಡದಾರೇನು?" ಎಂದು ನೀವು ಕೂಗಿದ್ದೇ ತಡ, ಹಿಂದಿನಿಂದ ಅವ್ವನ ಅಳು ಶುರುವಾಯಿತು. ಅವಳಿಗೆ ಹೇಳಿಬಿಡಿ, ನಿಮ್ಮ ಅಳಿಯನನ್ನು ಯಾರೂ ಹಿಡಿದಿಲ್ಲ. ಕೋರ್ಟಿನಿಂದ ಕರೆ ಬಂದಿರುವುದು ನನಗೆ, ಅದೂ ಜ್ಯೂರಿಯಲ್ಲಿ ಕೂರುವುದಕ್ಕೆ.

ಇಲ್ಲಿ ದೊಡ್ಡ ಅಪರಾಧದ ಮೊಕದ್ದಮೆಗಳಲ್ಲಿ ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಹೇಳುವವರು ಜಡ್ಜರಲ್ಲ, ಊರ ಮಂದಿ. ಮತದಾರರ ಪಟ್ಟಿಯಿಂದ ಹೆಸರು ಎತ್ತುತ್ತಾರೆ. ನಾನು ಈ ದೇಶದ ಪೌರಳಾಗಿ ವೋಟು ಹಾಕುತ್ತೇನಲ್ಲ, ಹಾಗಾಗಿ ನನ್ನ ಹೆಸರೂ ಬಂದಿದೆ. ಹನ್ನೆರಡು ಜನ ಕೂತು ಎಲ್ಲ ಕೇಳಿ, ಕೊನೆಗೆ ಒಂದು ಮಾತು ಹೇಳಬೇಕು. ಹಲ್ಲಿನ ಡಾಕ್ಟರ ಕೈಕೆಳಗೆ ಹತ್ತಿಯ ಉಂಡೆ ಹಿಡಿದು ನಿಲ್ಲುವ ನಾನು ಅದನ್ನು ಹೇಗೆ ಹೇಳಲಿ ಎಂದು ಸುದೀಪನನ್ನು ಕೇಳಿದೆ. "ನಿಮ್ಮಪ್ಪನ ಮಗಳಲ್ಲ ನೀ, ಹೇಳ್ತಿ ಬಿಡು" ಎಂದ.

ನಿಮಗೆ ಹಾವೇರಿಯಲ್ಲಿ ಸಾಕ್ಷಿ ಹೇಳುವ ತಾರೀಖು ಯಾವಾಗ? ಫೋನಿನಲ್ಲಿ ಕೇಳಲಾಗುವುದಿಲ್ಲ. ಕಿವಿ ಮಂದವಾದ ನೀವು ಕೂಗಿಯೇ ಮಾತಾಡುತ್ತೀರಿ, ಪಕ್ಕದಲ್ಲಿ ಅವ್ವ ಇರುತ್ತಾಳೆ, ಅಂಕಿತಾ ಇರುತ್ತಾಳೆ. ತನ್ನ ಗಂಡ ಪ್ರಶಾಂತನ ಮೇಲಿನ ಕೇಸಿನ ಮಾತು ಅವಳ ಎದುರಿಗೇ ಹೇಗೆ ಎತ್ತಲಿ?

ದುರ್ಗೇಶ ಸತ್ತಾಗ ನಾನು ಅಲ್ಲಿರಲಿಲ್ಲ. ಅವ್ವ ಹೇಳಿದ್ದು ಒಂದು ಥರ, ದುರ್ಗೇಶನ ಅಕ್ಕ ವಿದ್ಯಾ ಹೇಳಿದ್ದು ಇನ್ನೊಂದು ಥರ. ನಿಮ್ಮನ್ನು ಕೇಳಲು ಧೈರ್ಯವಾಗಿರಲಿಲ್ಲ. ನೀವು ಕಂಡದ್ದನ್ನು ನಿಮ್ಮ ಕೈಯಿಂದಲೇ ಬರೆಯುತ್ತೀರಾ?

ನಿಮ್ಮ
ತನುಜಾ


ಶಿಗ್ಗಾಂವ
24 ಫೆಬ್ರವರಿ 2025

ಮಗಳು ತನುಜಾಳಿಗೆ ಅಪ್ಪನ ಆಶೀರ್ವಾದ.

ನಿನ್ನ ಪತ್ರ ಬಂತು. ಮನೆಯಲ್ಲಿ ಬರೆಯಲು ಆಗುವುದಿಲ್ಲ. ಮಾರ್ಕೆಟ್ಟಿನ ದಲಾಲಿ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಊರಿಗೆ ಸಂಜೆಯ ಬಸ್ಸಿಗೆ ಹೋಗುತ್ತೇನೆ.

ಕೇಳಿದ್ದೀ, ಬರೆಯುತ್ತೇನೆ.

ಅದು ಗೋವಿನಜೋಳ ಒಕ್ಕುವ ಕಾಲ, ಎರಡು ವರ್ಷದ ಹಿಂದಿನ ನವೆಂಬರ್. ನೀಲಪ್ಪನ ಮಗ ದುರ್ಗೇಶ ಒಕ್ಕುವ ಮಷಿನ್ನು ಟ್ರ್ಯಾಕ್ಟರಿಗೆ ಹಚ್ಚಿಕೊಂಡು ನಮ್ಮ ಹೊಲಕ್ಕೆ ಬಂದಿದ್ದ. ಆ ಹಂಗಾಮಿನಲ್ಲಿ ಎಲ್ಲರಿಗೂ ಅವನೇ ಬೇಕು. ಮೂಡಲಿಗೆ ಮೋಡ ಕಟ್ಟಿತ್ತು. ಪಕ್ಕದ ಹೊಲ ನನ್ನ ಅಣ್ಣನ ಮಗ ಪ್ರಶಾಂತನದು, ಅಣ್ಣನ ಪಾಲಿಗೆ ಬಂದದ್ದು. ಪ್ರಶಾಂತ ಬದುವಿನ ಮೇಲೆ ನಿಂತು, ಮಷಿನ್ ಮೊದಲು ತನ್ನ ಕಣಕ್ಕೆ ತರಲು ಹೇಳಿದ. ದುರ್ಗೇಶ ಎದುರಾಡಲಿಲ್ಲ. "ದೊಡ್ಡ ಸಾವ್ಕಾರ್ರದ ಮುಗೀಲ್ರಿ, ಮುಗದ ಕೂಡ್ಲೆ ಬಂದಬಿಡ್ತೇನಿ" ಎಂದ. ಅಷ್ಟೇ. ಪ್ರಶಾಂತ ಜಾತಿ ಹಿಡಿದು ಬೈದ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ದುರ್ಗೇಶ ಆಗ ಮಷಿನ್ನಿನಿಂದ ಕೈ ತೆಗೆದು, "ಹಂಗ ಅನಬ್ಯಾಡ್ರಿ" ಎಂದ. ಟ್ರ್ಯಾಕ್ಟರಿನ ಮೇಲೆ ಕಬ್ಬಿಣದ ರಾಡ್ ಇತ್ತು. ಪ್ರಶಾಂತ ಅದನ್ನು ತೆಗೆದುಕೊಂಡು ಒಂದೇ ಏಟು ಹೊಡೆದ, ತಲೆಗೆ. ನಾನು ಇದ್ದದ್ದು ಎತ್ತಿನ ಬಂಡಿಯ ಉದ್ದದಷ್ಟು ದೂರದಲ್ಲಿ. ಕೂಗಿದೆ. ಕೂಗುವ ಹೊತ್ತಿಗೆ ಆಗಿಹೋಗಿತ್ತು. ಗಾಡಿ ಬರುವುದರೊಳಗೆ ಹುಡುಗ ಹೋಗಿಬಿಟ್ಟ.

ಆಳುಗಳು ಇನ್ನೂ ಬಂದಿರಲಿಲ್ಲ, ಅಲ್ಲಿ ಬೇರೆ ಯಾರೂ ಇರಲಿಲ್ಲ. ಕಂಡವನು ನಾನೊಬ್ಬನೇ.

ಪೊಲೀಸರು ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ಪ್ರಶಾಂತ ಹೆತ್ತವರನ್ನು ಕಳೆದುಕೊಂಡು ನಮ್ಮ ಮನೆಗೆ ಬಂದಾಗ ಅವನಿಗೆ ನಾಲ್ಕು ತುಂಬಿರಲಿಲ್ಲ. ನಿನಗೂ ಅವನಿಗೂ ಒಂದೇ ತಾಟಿನಲ್ಲಿ ತುತ್ತು ಕೊಟ್ಟು ಬೆಳೆಸಿದವಳು ನಿಮ್ಮವ್ವ. ಹಂಸಭಾವಿಯಿಂದ ತನ್ನ ತಮ್ಮನ ಮಗಳು ಅಂಕಿತಾಳನ್ನೇ ತಂದು ಅವನಿಗೆ ಮದುವೆ ಮಾಡಿದವಳೂ ಅವಳೇ. ಈಗ ಅವನು ಜಾಮೀನಿನ ಮೇಲೆ ಹಾನಗಲ್ಲಿನಲ್ಲಿದ್ದಾನೆ. ನಮ್ಮ ತಾಲೂಕಿಗೆ ಕಾಲಿಡುವಂತಿಲ್ಲ. ಅವನ ಮಗಳು ಅಪ್ಪ ಎಲ್ಲಿ ಎಂದು ಕೇಳಿದಾಗಲೆಲ್ಲ ನಿಮ್ಮವ್ವ ಕೂಸನ್ನು ನನ್ನ ಕಡೆ ತಿರುಗಿಸಿ ಕೂರಿಸುತ್ತಾಳೆ.

ಏಪ್ರಿಲ್‌ನಲ್ಲಿ ತಾರೀಖು ಕೊಡುತ್ತಾರಂತೆ. ನಿನ್ನ ಜ್ಯೂರಿಯ ಬಗ್ಗೆ ಬರೆ.

ನಿನ್ನ ಅಪ್ಪ
ಚನ್ನವೀರಪ್ಪ


ಮೆಲ್ಬರ್ನ್
17 ಮಾರ್ಚ್ 2025

ಅಪ್ಪಾ,

ನಿಮ್ಮ ಪತ್ರವನ್ನು ಓದಿ ಮಡಿಚಿಟ್ಟೆ. ಮತ್ತೆ ತೆಗೆದು ಓದಿದೆ. ಒಂದು ಮಾತು ಮಾತ್ರ: ಸ್ವಂತ ಮಗನಂತೆ ಸಾಕಿದವನ ವಿರುದ್ಧ ಕಂಡದ್ದನ್ನು ಕಂಡ ಹಾಗೆ ಹೇಳಿದ ನಿಮ್ಮ ಹೆಸರನ್ನು ನಾನು ಇಲ್ಲಿ ದಿನಕ್ಕೊಮ್ಮೆಯಾದರೂ ನೆನೆಯುತ್ತೇನೆ.

ನನ್ನನ್ನು ಆರಿಸಿದ್ದಾರೆ. ಎಂಥ ಕೇಸು, ಯಾರ ಕೇಸು ಎಂದು ಬರೆಯುವಂತಿಲ್ಲ. ಮುಗಿಯುವವರೆಗೆ ಮನೆಯವರ ಹತ್ತಿರವೂ ಮಾತಾಡಬಾರದು, ಫೋನಿನಲ್ಲಿ ಹುಡುಕಬಾರದು, ಆ ಜಾಗಕ್ಕೆ ಹೋಗಿ ನೋಡಬಾರದು ಎಂದು ಜಡ್ಜರು ಕಟ್ಟಪ್ಪಣೆ ಮಾಡಿದ್ದಾರೆ. ಸುದೀಪ ದಿನಾ ಸಂಜೆ "ಏನಾತು?" ಎಂದು ಕೇಳಿ, ತಾನೇ ನಾಲಿಗೆ ಕಚ್ಚಿಕೊಳ್ಳುತ್ತಾನೆ.

ಆರಿಸಿದ ರೀತಿ ಹೇಳಬಹುದು. ದೊಡ್ಡ ಕೋಣೆಯಲ್ಲಿ ನಮ್ಮನ್ನೆಲ್ಲ ಕೂರಿಸಿ, ಒಂದು ಗುಂಪನ್ನು ಕೋರ್ಟಿನ ಒಳಗೆ ಕರೆದೊಯ್ದರು. ಆರೋಪಿಯ ಮೇಲೆ ಏನು ಹೊರಿಸಿದ್ದಾರೆಂದು ಓದಿದರು. ಅವನು ಎದ್ದು ತಾನು ತಪ್ಪು ಮಾಡಿಲ್ಲ ಎಂದ. ಆಮೇಲೆ ಸಾಕ್ಷಿಗಳ ಹೆಸರು ಓದಿ ಜಡ್ಜರು ಕೇಳಿದರು: ಇವರಲ್ಲಿ ಯಾರಾದರೂ ನಿಮಗೆ ಪರಿಚಯವೇ? ಪರಿಚಯವಿದ್ದರೆ ಮನೆಗೆ ಹೋಗಬಹುದು. ಒಬ್ಬ ಹೆಂಗಸು ಎದ್ದು, ಸಾಕ್ಷಿಯೊಬ್ಬರ ಮಗಳು ತನ್ನ ಮಗನ ಶಾಲೆಯಲ್ಲಿ ಓದುತ್ತಾಳೆ ಎಂದಳು. ಅಷ್ಟಕ್ಕೇ ಅವಳನ್ನು ಬಿಟ್ಟರು. ನನಗೆ ನಗು ಬಂತು, ಅಪ್ಪಾ. ನಮ್ಮಲ್ಲಾದರೆ ಶಿಗ್ಗಾಂವ, ಸವಣೂರು, ಹಿರೇಕೆರೂರು ಎಲ್ಲ ಜಾಲಾಡಿದರೂ ಹನ್ನೆರಡು ಮಂದಿ ಸಿಗುತ್ತಿರಲಿಲ್ಲ. ಯಾರೋ ಒಬ್ಬರು ಯಾರದೋ ಬೀಗರಾಗಿರುತ್ತಿದ್ದರು.

ಉಳಿದವರಲ್ಲಿ ಚೀಟಿ ಎತ್ತಿ ನಂಬರು ಕರೆದರು. ಇಲ್ಲಿ ನನಗೆ ಹೆಸರಿಲ್ಲ, ನಂಬರು ಮಾತ್ರ. ಆರೋಪಿಯ ಕಡೆಯವರು ಕಾರಣ ಹೇಳದೆ ಕೆಲವರನ್ನು ಬೇಡವೆನ್ನಬಹುದು. ನನ್ನ ನಂಬರು ಕರೆದಾಗ ಅವನು ತಲೆಯೆತ್ತಿ ನೋಡಿದ, ಬೇಡವೆನ್ನಲಿಲ್ಲ. ಹುಡುಗನೇ ಅವನು. ಅವನ ಅವ್ವ ಇಸ್ತ್ರಿ ಮಾಡಿ ಕೊಟ್ಟಿರಬೇಕು, ಅಂಗಿಯ ಕಾಲರು ನೆಟ್ಟಗಿತ್ತು.

ಜಡ್ಜರು ಮೊದಲೇ ಹೇಳಿದರು: ಇವನು ನಿರಪರಾಧಿ ಎಂದೇ ಹಿಡಿದು ಶುರುಮಾಡಿ. ತಪ್ಪು ಮಾಡಿದ್ದಾನೆಂದು ತೋರಿಸುವ ಹೊಣೆ ಸರ್ಕಾರದ ವಕೀಲರದು. ಅವನು ತನ್ನ ಪರವಾಗಿ ಒಂದು ಮಾತೂ ಆಡಬೇಕಾಗಿಲ್ಲ. ಸಕಾರಣವಾದ ಸಂಶಯ ಉಳಿದರೆ ಬಿಟ್ಟುಬಿಡಬೇಕು.

ಕೇಳಲು ಸುಲಭವಾಗಿತ್ತು.

ನಿಮ್ಮ
ತನುಜಾ


ಶಿಗ್ಗಾಂವ
7 ಏಪ್ರಿಲ್ 2025

ತನುಜಾ,

ಇಲ್ಲಿ ಬಿಸಿಲು ಬಹಳ. ಬ್ಯಾಡಗಿ ಕಡೆಯ ಮೆಣಸಿನಕಾಯಿ ಗಾಡಿಗಳು ಹೈವೇದಲ್ಲಿ ಸಾಲಾಗಿ ನಿಂತಿರುತ್ತವೆ, ಅಂಗಡಿಯಲ್ಲಿ ಕೂತವನಿಗೂ ಸೀನು.

ಇಪ್ಪತ್ತೆರಡಕ್ಕೆ ತಾರೀಖು ಕೊಟ್ಟಿದ್ದಾರೆ. ಹಂಸಭಾವಿಯಿಂದ ನಿನ್ನ ಮಾವ, ಅಂಕಿತಾಳ ಅಪ್ಪ, ಬಂದು ಎರಡು ದಿನ ಇದ್ದು ಹೋದ. ಕೇಸಿನ ಮಾತು ಎತ್ತಲಿಲ್ಲ. ಹೋಗುವಾಗ, "ಮಾವಾರ, ಮುಂದ ನಿಮ್ಮ ಮಣ್ಣಿಗೆ ಯಾರ ಬರ್ತಾರ್ರಿ?" ಎಂದಷ್ಟೇ ಕೇಳಿದ. ನಿಮ್ಮವ್ವ ನನಗೆ ಬಡಿಸುವುದನ್ನು ಬಿಟ್ಟಿದ್ದಾಳೆ. ಅಡುಗೆ ಮಾಡಿಟ್ಟು ಒಳಗೆ ಹೋಗುತ್ತಾಳೆ. ನಾನೇ ಹಾಕಿಕೊಂಡು ಉಣ್ಣುತ್ತೇನೆ.

ಒಂದು ಕೇಳಬೇಕಿತ್ತು. ಅಲ್ಲಿ ಸಾಕ್ಷಿಯಾದವನು ಮೊದಲು ಪೊಲೀಸರಿಗೆ ಒಂದು ಹೇಳಿ, ಕೋರ್ಟಿನಲ್ಲಿ ಇನ್ನೊಂದು ಹೇಳಿದರೆ ಏನು ಮಾಡುತ್ತಾರೆ? ಸುಮ್ಮನೆ ಕೇಳಿದೆ.

ಅಪ್ಪ


ಮೆಲ್ಬರ್ನ್
5 ಮೇ 2025

ಅಪ್ಪಾ,

ಮುಗಿಯಿತು. ಈಗ ಬರೆಯಬಹುದು, ಕೋರ್ಟಿನಲ್ಲಿ ಎಲ್ಲರ ಎದುರು ನಡೆದಷ್ಟನ್ನು. ನಾವು ಹನ್ನೆರಡು ಜನ ಬಾಗಿಲು ಹಾಕಿಕೊಂಡು ಆಡಿದ ಮಾತು ಹೊರಗೆ ಹೇಳಿದರೆ ಅಪರಾಧ, ಅದನ್ನು ಸಾಯುವವರೆಗೆ ಹೇಳುವಂತಿಲ್ಲ.

ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ. ಕಾರು ನಿಲ್ಲಿಸುವ ಜಾಗಕ್ಕೆ ಶುರುವಾದ ಜಗಳದಲ್ಲಿ ಅವನ ತಲೆಗೆ ನಟ್ಟು ತಿರುಗಿಸುವ ಕಬ್ಬಿಣದ ಪಾನಾದಿಂದ ಹೊಡೆದಿದ್ದಾರೆ. ಒಂದು ಕಣ್ಣು ಹೋಗಿದೆ. ಆ ದಿನದ್ದೇನೂ ಅವನಿಗೆ ನೆನಪಿಲ್ಲ. ಕಟಕಟೆಯಲ್ಲಿ ನಿಂತು, ಎಲ್ಲ ಪ್ರಶ್ನೆಗೂ "ನನಗೆ ಗೊತ್ತಿಲ್ಲ" ಎನ್ನುತ್ತ, ಪ್ರತಿ ಸಲವೂ ಕ್ಷಮೆ ಕೇಳುತ್ತಿದ್ದ. ಹೊಡೆದವನನ್ನು ಕಂಡವರು ಒಬ್ಬರೇ, ಎದುರಿನ ಮಹಡಿಯಲ್ಲಿರುವ ಒಬ್ಬ ಮುದುಕ. ಆರೋಪಿಯ ತಾಯಿಯ ಮನೆಯೂ ಅದೇ ಕಟ್ಟಡದಲ್ಲಿ.

ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಅಲ್ಲೇ ಸಿಕ್ಕಿತು ನೋಡಿ. ಪೊಲೀಸರಿಗೆ ಆ ಮುದುಕ, ಈ ಆರೋಪಿಯೇ ಪಾನಾ ಎತ್ತಿದ್ದನ್ನು ನೋಡಿದೆ ಎಂದಿದ್ದ. ಕೋರ್ಟಿನಲ್ಲಿ, "ಬೆನ್ನು ಕಂಡೆ, ಮುಖ ಕಾಣಲಿಲ್ಲ" ಎಂದ. ಸರ್ಕಾರದ ವಕೀಲರು ಜಡ್ಜರ ಅಪ್ಪಣೆ ಪಡೆದು, ತಮ್ಮದೇ ಸಾಕ್ಷಿಯನ್ನು ಪಾಟಿಸವಾಲು ಮಾಡಿದ ಹಾಗೆ ಕೇಳಿದರು. ಮೊದಲಿನ ಹೇಳಿಕೆಯನ್ನು ಸಾಲುಸಾಲಾಗಿ ಓದಿದರು. ಅವನು ಇಲ್ಲ ಅನ್ನಲಿಲ್ಲ, ಹೌದೂ ಅನ್ನಲಿಲ್ಲ. ನೀರು ಕೊಟ್ಟರು. ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದ. ಅವನು ಜಡ್ಜರನ್ನೂ ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ.

ಆರೋಪಿ ಸಾಕ್ಷಿ ಹೇಳಲಿಲ್ಲ. ಅವನು ಸುಮ್ಮನಿದ್ದುದನ್ನು ಅವನ ವಿರುದ್ಧ ಹಿಡಿಯಬಾರದು ಎಂದು ಜಡ್ಜರು ನಮಗೆ ಹೇಳಿದರು. ಮುದುಕ ಪೊಲೀಸರಿಗೆ ಹೇಳಿದ್ದನ್ನೂ ನಾವು ಸಾಕ್ಷ್ಯವೆಂದು ತೆಗೆದುಕೊಳ್ಳಬಹುದು, ಯಾವುದನ್ನು ನಂಬಬೇಕೆಂಬುದು ನಮಗೆ ಬಿಟ್ಟದ್ದು, ಆದರೆ ಬಹಳ ಎಚ್ಚರದಿಂದ, ಎಂದರು. ಎರಡೂ ಕಡೆಯ ವಕೀಲರು ಕೊನೆಯ ವಾದ ಮಾಡಿದರು. ನಾವು ಒಳಗೆ ಹೋದೆವು.

ಹೊರಗೆ ಬಂದಾಗ ನಮ್ಮ ಪರವಾಗಿ ಮಾತಾಡುವವಳು ಎದ್ದು, "ನಿರ್ದೋಷಿ" ಎಂದಳು. ಇದು ಎಲ್ಲರ ಮಾತೂ ಹೌದೇ ಎಂದು ಕೇಳಿದರು. ಎಲ್ಲರದೂ. ಅಂದರೆ ನನ್ನದೂ, ಅಪ್ಪಾ. ಇಷ್ಟು ಹೇಳಿದರೆ ಒಳಗಿನ ಗುಟ್ಟು ಬಿಟ್ಟ ಹಾಗಾಗುವುದಿಲ್ಲ, ಎಲ್ಲರೂ ಕೇಳಿಸಿಕೊಂಡರು. ಅವನು ಆ ಗಳಿಗೆಯಲ್ಲೇ ತನ್ನ ಅವ್ವನ ಜೊತೆ ನಡೆದು ಹೋದ. ಇಲ್ಲಿ ಜ್ಯೂರಿ ನಿರ್ದೋಷಿ ಅಂದಮೇಲೆ ಸರ್ಕಾರ ಮೇಲಿನ ಕೋರ್ಟಿಗೆ ಹೋಗಿ ಅದನ್ನು ಅಳಿಸಲು ಬರುವುದಿಲ್ಲ. ಬೇಕರಿ ಹುಡುಗನಿಗೆ ಏನಾಯಿತೆಂದು ತಕ್ಷಣ ತಿಳಿಯಲಿಲ್ಲ. ಕುರುಡುಗಣ್ಣಿನ ಕಡೆ ಕೂತಿದ್ದ ಅವನ ತಂದೆ ಅವನ ಭುಜ ಮುಟ್ಟಿ ಹೇಳಬೇಕಾಯಿತು.

ನಾನು ಕಾನೂನಿನ ಪ್ರಕಾರವೇ ನಡೆದುಕೊಂಡೆ. ಆದರೂ ಊಟ ಸೇರುತ್ತಿಲ್ಲ. ನನಗೆ ಆ ಆರೋಪಿ ಹುಡುಗನ ಮೇಲೆ ಸಿಟ್ಟಿಲ್ಲ, ಆ ಮುದುಕನ ಮೇಲಿದೆ. ಅಷ್ಟು ವಯಸ್ಸಾಗಿ, ಇನ್ನು ಯಾರಿಗೆ ಅಂಜಬೇಕು ಅವನು? ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನನ್ನು ನೋಡುತ್ತ ನೋಡುತ್ತ ನನಗೆ ಅಸಹ್ಯವಾಯಿತು. ಅವನ ಜಾಗದಲ್ಲಿ ನೀವಿದ್ದಿದ್ದರೆ ಎಂದುಕೊಂಡೆ.

ನಿಮ್ಮ ತಾರೀಖು ಹೇಗಾಯಿತು? ಬರೆಯಿರಿ.

ನಿಮ್ಮ
ತನುಜಾ


ಶಿಗ್ಗಾಂವ
28 ಮೇ 2025

ತನುಜಾ,

ಪತ್ರ ಮುಟ್ಟಿತು. ನಾವೆಲ್ಲ ಆರಾಮ ಇದ್ದೇವೆ. ಈ ಸಲ ಮಳೆ ಬೇಗ ಬಂದು ಬಿತ್ತನೆಗೆ ಎಲ್ಲರೂ ಓಡಾಡುತ್ತಿದ್ದಾರೆ. ಹಾನಗಲ್ಲ ಕಡೆಯಿಂದ ಮಾವಿನಹಣ್ಣು ಬಂದಿದ್ದವು. ನಿಮ್ಮವ್ವ ನನಗೆ ಸೀಕರಣೆ ಮಾಡಿಕೊಟ್ಟಳು.

ಹಾವೇರಿಯ ಕೆಲಸ ಮುಗಿಯಿತು.

ಊಟ ಬಿಡಬೇಡ. ಸುದೀಪನಿಗೆ ಆಶೀರ್ವಾದ ತಿಳಿಸು.

ಅಪ್ಪ


ಸವಣೂರು
16 ಜೂನ್ 2025

ತನುಜಾ,

ಫೋನ್ ಮಾಡಿದರೆ ನೀನು ನಡುವೆ ಮಾತಾಡುತ್ತೀ, ನಾನು ಅಳುತ್ತೇನೆ, ಹೇಳಬೇಕಾದದ್ದು ಉಳಿದುಬಿಡುತ್ತದೆ. ಅದಕ್ಕೇ ಶಾಲೆ ಬಿಟ್ಟಮೇಲೆ ಖಾಲಿ ಕ್ಲಾಸಿನಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಮೆಸೇಜು ನೋಡಿದೆ. "ಅಪ್ಪ ಹೇಳಿದ ಮೇಲೆ ಇನ್ನೇನು ಚಿಂತೆ, ವಿದ್ಯಾ?" ಎಂದು ಬರೆದಿದ್ದೀ. ನಿನಗೆ ಯಾರೂ ಹೇಳಿಲ್ಲ ಎಂದು ಅದರಿಂದಲೇ ತಿಳಿಯಿತು.

ಏಪ್ರಿಲ್ ಇಪ್ಪತ್ತೆರಡಕ್ಕೆ ನಾನು, ಅಪ್ಪ, ಅವ್ವ ಮೂವರೂ ಹಾವೇರಿಗೆ ಹೋಗಿದ್ದೆವು. ಅವ್ವ ಹೊಸ ಸೀರೆ ಉಟ್ಟಿದ್ದಳು. ಯಾಕೆಂದು ನಾನು ಕೇಳಲಿಲ್ಲ. ನಿಮ್ಮಪ್ಪ ಬಂದರು. ಅವ್ವ ಎದ್ದು ನಿಂತು ಕೈಮುಗಿದಳು. ಅವರೂ ಮುಗಿದರು.

ಸರ್ಕಾರಿ ವಕೀಲರು, "ಅವತ್ತ ನೀವ ಎಲ್ಲಿದ್ರಿ?" ಎಂದು ಕೇಳಿದರು.

"ಶಿಗ್ಗಾವಿ ಅಂಗಡ್ಯಾಗ್ರಿ" ಎಂದರು ನಿಮ್ಮಪ್ಪ.

"ಹೊಲದಾಗ ಇದ್ದಿದ್ದಿಲ್ಲ?"

"ಇಲ್ರಿ. ಸುದ್ದಿ ಕೇಳಿ ಆಮ್ಯಾಲ ಹ್ವಾದೆ."

ವಕೀಲರು ಪೊಲೀಸರ ಹತ್ತಿರದ ಹೇಳಿಕೆ ಓದಿದರು. "ಹಂಗ ನಾ ಹೇಳಿಲ್ರಿ" ಎಂದರು. ಮತ್ತೆ ಓದಿದರು. ಮತ್ತೆ ಅದೇ. ಸಾಕ್ಷಿ ತಿರುಗಿಬಿದ್ದಿದ್ದಾರೆ ಎಂದು ಬರೆದುಕೊಂಡರು.

ಅವ್ವನಿಗೆ ಏನೂ ತಿಳಿಯಲಿಲ್ಲ. ನನ್ನ ಸೆರಗು ಜಗ್ಗಿ, "ಸಾವ್ಕಾರ್ರಿಗೆ ಕಿವಿ ಕೇಳಂಗಿಲ್ಲಲ್ಲ, ಜೋರಾಗಿ ಕೇಳ್ರಿ ಅಂತ ವಕೀಲರಿಗೆ ಹೇಳವ್ವ" ಎಂದಳು. ನಾನು ಸೆರಗು ಬಿಡಿಸಿಕೊಂಡೆ. ಅವಳು ಮತ್ತೆ ಹೇಳಿದಳು. ಪೊಲೀಸಿನವನು ಮಾತಾಡಬೇಡವೆಂದು ಸನ್ನೆ ಮಾಡಿದ. ಊರಿಗೆ ಬರುವ ಬಸ್ಸಿನಲ್ಲಿ ಅಪ್ಪನೇ ಅವಳಿಗೆ ಬಿಡಿಸಿ ಹೇಳಿದ.

ನಮ್ಮ ವಕೀಲರು ಹಯಾತ ಸಾಹೇಬರು ಹೇಳುವುದು ಇಷ್ಟು: ನಮ್ಮ ಕಾನೂನಿನಲ್ಲಿ ಪೊಲೀಸರಿಗೆ ಹೇಳಿದ್ದು ಸಾಕ್ಷ್ಯವಲ್ಲ, ಕೋರ್ಟಿನಲ್ಲಿ ಹೇಳಿದ್ದೇ ಸಾಕ್ಷ್ಯ. ಡಾಕ್ಟರು ಏಟಿನಿಂದ ಸತ್ತ ಎಂದು ಹೇಳಿಯಾಗಿದೆ. ಯಾರ ಏಟು ಎಂದು ಹೇಳುವವರು ಇದ್ದದ್ದು ಒಬ್ಬರು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಕೆಲವು ದಿನ ಫೋನ್ ಮಾಡಬೇಡ.

ವಿದ್ಯಾ


ಮೆಲ್ಬರ್ನ್
8 ಜುಲೈ 2025

ಅಪ್ಪಾ,

ವಿದ್ಯಾ ಬರೆದಿದ್ದಾಳೆ.

ಆ ಮುದುಕನ ಬಗ್ಗೆ ನಾನು ಬರೆದ ಪತ್ರವನ್ನು ನೀವು ಅಂಗಡಿಯಲ್ಲಿ ಕೂತು ಒಬ್ಬರೇ ಓದಿರಬೇಕು. ಅದೇ ನನ್ನ ಕಣ್ಣ ಮುಂದೆ ಬರುತ್ತಿದೆ. ಬೈಯಬೇಕೆಂದು ಬಹಳ ಸಲ ಬರೆದು ಹರಿದೆ. ಮೊಮ್ಮಗಳನ್ನು ನಿಮ್ಮ ಕಡೆ ತಿರುಗಿಸಿ ಕೂರಿಸಿದ ಮನೆಯಲ್ಲಿ ನಾನು ಇರಲಿಲ್ಲ. ಇದ್ದಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ.

ನನಗೆ ಗೊತ್ತಿರುವುದು ಒಂದೇ. ಒಬ್ಬ ಸಾಕ್ಷಿ ಬಾಯಿಬಿಡದೆ ಹೋದದ್ದರಿಂದ, ಕಣ್ಣು ಕಳೆದುಕೊಂಡ ಹುಡುಗನ ಎದುರು ನಾನು "ನಿರ್ದೋಷಿ" ಎನ್ನುವವರ ಸಾಲಿನಲ್ಲಿ ನಿಂತೆ. ಅದನ್ನು ಇನ್ನು ಯಾರೂ ತಿದ್ದಲಾರರು. ನಿಮ್ಮ ಮಾತಿನ ಮೇಲೆ ಇನ್ನೂ ಒಂದು ಕೋರ್ಟು ಇದೆ, ಧಾರವಾಡದ ಹೈಕೋರ್ಟು.

ನಾನು ಇನ್ನೇನೂ ಕೇಳುವುದಿಲ್ಲ.

ತನುಜಾ


ಶಿಗ್ಗಾಂವ
14 ಸೆಪ್ಟೆಂಬರ್ 2025

ತನುಜಾಳಿಗೆ,

ನಿನ್ನ ಪತ್ರಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಈಗ ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದೇನೆ, ಮಲಗುವುದೂ ಇಲ್ಲೇ. ಖಾನಾವಳಿಯಿಂದ ರೊಟ್ಟಿ ಬರುತ್ತದೆ.

ಆಗಸ್ಟಿನಲ್ಲಿ ತೀರ್ಪು ಬಂತು. ಪ್ರಶಾಂತನನ್ನು ಬಿಟ್ಟರು. ಸಂಜೆ ಹಾವೇರಿಯಿಂದ ಮನೆಗೆ ಬಂದ. ಓಣಿಯಲ್ಲಿ ಪಟಾಕಿ ಹಚ್ಚಿದರು. ನಿಮ್ಮವ್ವ ಬಾಗಿಲಲ್ಲೇ ಅವನ ಮುಖ ಸವರಿದಳು. ಅವನು ಒಳಗೆ ಬಂದು ನನ್ನ ಕಾಲು ಮುಟ್ಟಿದ. "ಕಾಕಾ" ಎಂದ. ಕೂಸು ಅವನ ಕುತ್ತಿಗೆಗೆ ಜೋತುಬಿದ್ದಿತ್ತು. ಆ ಕೂಸಿನ ನಗೆ ನೋಡಿ ನನಗೆ ಸಂತೋಷವಾಯಿತು, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಪಟಾಕಿಯ ಸದ್ದು ನೀಲಪ್ಪನ ಮನೆಯವರೆಗೂ ಹೋಗಿರುತ್ತದೆ. ನನ್ನಂಥ ಕಿವುಡನಿಗೇ ಕೇಳಿಸಿತ್ತು.

ಯಾಕೆ ಹಾಗೆ ಹೇಳಿದೆ ಎಂದು ನೀನು ಕೇಳಲಿಲ್ಲ. ಆದರೂ ಹೇಳುತ್ತೇನೆ. ಕೋರ್ಟಿನ ಮೆಟ್ಟಿಲು ಹತ್ತುವವರೆಗೂ ಇದ್ದದ್ದನ್ನೇ ಹೇಳುವವನಿದ್ದೆ. ವಕೀಲರು ಕೇಳಿದಾಗ, ಸಂಜೆ ಮನೆಗೆ ಹೋಗಿ ನಿಮ್ಮವ್ವನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ಬಂತು. ಸತ್ತವನ ತಾಯಿಗೆ ಏನು ಹೇಳಲಿ ಎಂದು ಹೊಳೆಯಲೇ ಇಲ್ಲ. ಅವಳು ಎದುರಿಗೇ ಕೂತಿದ್ದಳು.

ತೀರ್ಪಾದ ಮರುವಾರ ಹಾವೇರಿಗೆ ಹೋಗಿ ಹಯಾತ ವಕೀಲರನ್ನು ಕಂಡೆ. ಕೋರ್ಟಿನಲ್ಲಿ ನಾನು ಹೇಳಿದ್ದು ಸುಳ್ಳು, ಬರೆದುಕೊಡುತ್ತೇನೆ ಎಂದೆ. ಅವರು ಕುರ್ಚಿ ತೋರಿಸಿ ಕೂರಿಸಿದರು.

"ಸಾವ್ಕಾರ್ರ, ಮ್ಯಾಲಿನ ಕೋರ್ಟ್ ಇದಕ್ಕ ಎಷ್ಟ ಕಿಮ್ಮತ್ತ ಕೊಡತೈತಿ ನಾ ಹೇಳಾಂಗಿಲ್ರಿ. ಕೊಡದನೂ ಇರಬಹುದು. ಆದ್ರ ಸುಳ್ಳ ಸಾಕ್ಷಿ ಹೇಳಿದ್ದಕ್ಕ ನಿಮ್ಮ ಮ್ಯಾಲ ಕೇಸ್ ಆಗಬಹುದು. ಜೇಲೂ ಆಗಬಹುದು. ವಿಚಾರ ಮಾಡ್ರಿ."

"ಮಾಡೇನ್ರಿ" ಎಂದೆ. ಪ್ರಮಾಣಪತ್ರಕ್ಕೆ ಸಹಿ ಮಾಡಿದೆ. ವಿದ್ಯಾ ಅಲ್ಲೇ ಇದ್ದಳು. ಉಪಕಾರವಾಯಿತು ಎನ್ನಲಿಲ್ಲ. "ಇದನ್ನ ನಮ್ಮವ್ವಗ ನೀವ ಹೋಗಿ ಹೇಳ್ರಿ. ನಾ ಹೇಳಾಂಗಿಲ್ಲ" ಎಂದಳು. ಮನೆಗೆ ಬಂದು ನಿಮ್ಮವ್ವನಿಗೂ ಹೇಳಿದೆ. ಅವಳು ನನ್ನ ಬಟ್ಟೆಗಳನ್ನು ಮಡಿಚಿ ಚೀಲಕ್ಕೆ ಹಾಕಿ ಕಟ್ಟೆಯ ಮೇಲಿಟ್ಟಳು. ನಾನು ಚೀಲ ತೆಗೆದುಕೊಂಡು ಬಂದೆ.

ನಿನ್ನೆ ನೀಲಪ್ಪನ ಮನೆಗೆ ಹೋಗಿದ್ದೆ. ಅವರ ಓಣಿಗೆ ನಾನು ಹಿಂದೆ ಎಂದೂ ಕಾಲಿಟ್ಟಿರಲಿಲ್ಲ. ಕೆಲಸಕ್ಕೆ ಬೇಕಾದಾಗ ಹೇಳಿಕಳಿಸುತ್ತಿದ್ದೆವು, ಅವರು ಬರುತ್ತಿದ್ದರು. ನೀಲಪ್ಪ ನೋಡಿ ಗಡಬಡಿಸಿ ಹಾಸಿಗೆ ಝಾಡಿಸಿ ಹಾಕಿ, "ಬರ್ರಿ, ಕುಂಡ್ರಿ" ಎಂದ. ಅದೇ ಮರ್ಯಾದೆ. ಅವನು ಬೈದು ಕಳಿಸಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ. ಸಹಿ ಮಾಡಿದ್ದನ್ನು ಹೇಳಿದೆ. ಅವನು ತಲೆಯಾಡಿಸಿದ, ಅಷ್ಟೇ.

ದುರ್ಗೇಶನ ತಾಯಿ ಶಂಕ್ರವ್ವ ಒಳಗಿನಿಂದ ಬಂದು ಗೋಡೆಗೆ ಆತು ನಿಂತಳು. ಬಹಳ ಸೊರಗಿದ್ದಾಳೆ. ಸಹಿಯ ಬಗ್ಗೆ, ಕೇಸಿನ ಬಗ್ಗೆ ಒಂದೂ ಕೇಳಲಿಲ್ಲ.

"ನೀವ ಅಲ್ಲಿ ಇದ್ರಿ, ಹೌದಲ್ರಿ?" ಎಂದಳು.

"ಇದ್ನವ್ವಾ" ಎಂದೆ.

"ಅಂವಾ ಏನರ ಅಂದನ್ರಿ?"

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ತನುಜಾ. ಪೊಲೀಸರಿಗೂ ಹೇಳಿರಲಿಲ್ಲ, ನಿನಗೂ ಬರೆದಿರಲಿಲ್ಲ. ಬಿದ್ದ ಮೇಲೂ ಹುಡುಗನಿಗೆ ಸ್ವಲ್ಪ ಹೊತ್ತು ಎಚ್ಚರವಿತ್ತು. ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಮೊದಲು, ಮಷಿನ್ ಬಂದ್ ಮಾಡ್ರಿ, ಡೀಸಲ್ ಎಣ್ಣಿ ಸುಮ್ನ ಹೊಕ್ಕೈತಿ ಎಂದ. ನಾನು ಬಂದ್ ಮಾಡಿ ಬಂದೆ. ಆಮೇಲೆ ನನ್ನ ಕೈ ಹಿಡಿದುಕೊಂಡು ಇನ್ನೊಂದು ಹೇಳಿದ.

ಅದನ್ನೂ ಶಂಕ್ರವ್ವನಿಗೆ ಹೇಳಿದೆ. "ಅವ್ವಗ ಹೇಳಬ್ಯಾಡ್ರಿ, ಅಂಜತಾಳ ಅಂದ."

ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ನನಗ ಹೇಳಬ್ಯಾಡ ಅಂದಾನ್ರಿ ಅಂವಾ" ಎಂದಳು. "ಕೋರ್ಟಿಗೆ ಹೇಳಬ್ಯಾಡ ಅಂದಿದ್ದಿಲ್ಲಲ್ರಿ."

ನಿನ್ನ ಅಪ್ಪ
ಚನ್ನವೀರಪ್ಪ